ರಾಜನ ಕಿವಿಗೆ ಬಿದ್ದ ದನಿ: 1518ರ ಒಬ್ಬ ಕ್ವಾಯರ್ ಹುಡುಗನ ಪ್ರಕರಣ

ಈ ಪ್ರಕರಣದ ಹುಡುಗನಿಗೆ ಕಾಗದಪತ್ರದಲ್ಲಿ ಒಂದು ಹೆಸರಿದೆ, ಪೂರ್ತಿ ಹೆಸರಲ್ಲ, ಮನೇಲಿ ಮಕ್ಕಳನ್ನ ಕರೆಯೋ ತರದ ಒಂದು ಮುದ್ದಿನ ಹೆಸರು. ಅದನ್ನ ನಾನಿಲ್ಲಿ ಬರೀತಿಲ್ಲ. ಐನೂರು ವರ್ಷದ ಹಿಂದಿನ ಕತೆ, ಈಗ ಹೆಸರು ಹೇಳಿದ್ರೆ ಯಾರಿಗೂ ನಷ್ಟ ಇಲ್ಲ ಅಂತ ಗೊತ್ತು, ಆದ್ರೂ ಮಕ್ಕಳ ವಿಷಯ ಬರೆಯುವಾಗ ಹೆಸರು ಮುಚ್ಚಿಡೋದು ನಾನು ಮೊದಲಿಂದ ಪಾಲಿಸಿಕೊಂಡು ಬಂದಿರೋ ಕ್ರಮ, ಇವನಿಗೂ ಅದೇ ಕ್ರಮ ಸಲ್ಲಬೇಕು ಅನಿಸ್ತು. ಹುಡುಗ ಅಂತಲೇ ಕರೀತೀನಿ. ದೊಡ್ಡವರ ಹೆಸರು ಮಾತ್ರ ಹೇಳ್ತೀನಿ, ಯಾಕಂದ್ರೆ ತೀರ್ಮಾನ ತಗೊಂಡವರೆಲ್ಲ ಅವರೇ.

ಘಟನೆ ಚಿಕ್ಕದು. 1518ರ ಮಾರ್ಚ್ ಕೊನೆಯಲ್ಲಿ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ, ಕಾರ್ಡಿನಲ್ (ಚರ್ಚಲ್ಲಿ ಪೋಪ್‌ನ ಕೆಳಗಿನ ದೊಡ್ಡ ಪದವಿ) ಥಾಮಸ್ ವೂಲ್ಸಿಯ ಕ್ವಾಯರ್‌ನಲ್ಲಿ, ಅಂದ್ರೆ ಗಾಯನ ಮೇಳದಲ್ಲಿದ್ದ ಒಬ್ಬ ಹುಡುಗನನ್ನ ತನ್ನ ಮೇಳಕ್ಕೆ ತರಿಸಿಕೊಂಡ. ಅಷ್ಟೇ. ಯಾರೂ ಸಾಯಲಿಲ್ಲ, ಯಾರ ಮೇಲೂ ಕೇಸ್ ಆಗಲಿಲ್ಲ, ರಾಜನ ಕಾರ್ಯದರ್ಶಿ ರಿಚರ್ಡ್ ಪೇಸ್ ಅನ್ನೋನು ಕಾರ್ಡಿನಲ್‌ಗೆ ಬರೆದ ಕೆಲವು ಪತ್ರಗಳಲ್ಲಿ ರಾಜ್ಯದ ದೊಡ್ಡ ದೊಡ್ಡ ವಿಷಯಗಳ ಮಧ್ಯೆ ಈ ಮಗುವಿನ ಮಾತು ಬಂದು ಹೋಗುತ್ತೆ. ನಾನು ಸುಮಾರು ವರ್ಷದಿಂದ ಚರ್ಚಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡ್ತಾ ಇದೀನಿ, ಒಳ್ಳೆ ದನಿ ಇರೋ ಮಗು ಕಂಡ್ರೆ ದೊಡ್ಡವರು ಹೇಗಾಡ್ತಾರೆ ಅನ್ನೋದು ನೋಡಿದೀನಿ, ನಾನೂ ಹಾಗೆ ಆಡಿದೀನಿ, ಅದಕ್ಕೆ ಆ ನಾಲ್ಕು ಸಾಲು ಓದಿದಾಗ ನಂಗೆ ರಾತ್ರಿ ನಿದ್ದೆ ಬರಲಿಲ್ಲ.

ಹಿನ್ನೆಲೆ

ಮೊದಲು ಒಂದು ಪದ ಸರಿ ಮಾಡ್ಕೊಳ್ಳೋಣ. ಆ ಕಾಲದಲ್ಲಿ ರಾಜನ ಚಾಪೆಲ್ ಅಂದ್ರೆ ಬರೀ ಕಟ್ಟಡ ಅಲ್ಲ, ಅದು ಜನ. ಪಾದ್ರಿಗಳು, ಹಾಡೋ ಗಂಡಸರು, ಹಾಡೋ ಹುಡುಗರು, ಅವರ ಮೇಷ್ಟ್ರು, ಪುಸ್ತಕ, ಬಟ್ಟೆ, ಎಲ್ಲಾ ಸೇರಿದ ಒಂದು ತಂಡ. ರಾಜ ಊರು ಬದಲಿಸಿದಾಗ ತಂಡವೂ ಹೊರಡುತ್ತೆ. ದೊಡ್ಡ ಶ್ರೀಮಂತರು, ಬಿಷಪ್ಪುಗಳು ಕೂಡ ಇಂಥ ಚಾಪೆಲ್ ಇಟ್ಕೊಂಡಿರ್ತಿದ್ರು.

ಇದಕ್ಕಿಂತ ಹಳೇದು ಕೆಥೆಡ್ರಲ್‌ಗಳ, ಅಂದ್ರೆ ಬಿಷಪ್ಪುಗಳ ದೊಡ್ಡ ಚರ್ಚುಗಳ, ಹುಡುಗರ ಬದುಕು. ಏಳೆಂಟು ವರ್ಷಕ್ಕೆ ತಂದು ಬಿಡ್ತಿದ್ರು, ನೆತ್ತಿ ಮೇಲೆ ಕೂದಲು ಬೋಳಿಸಿ, ಬಿಳಿ ನಿಲುವಂಗಿ ಹಾಕಿ, ದನಿ ಒಡೆಯೋ ತನಕ ಅಲ್ಲೇ. ಕೆಲಸ ಹಾಡೋದು ಮಾತ್ರ ಅಲ್ಲ, ಮೇಣದಬತ್ತಿ ಹಿಡಿಯೋದು, ಧೂಪ ಬೀಸೋದು, ಪುಸ್ತಕ ಎತ್ತಿ ಹಿಡಿಯೋದು. ಕೀರ್ತನೆಗಳನ್ನ ಲ್ಯಾಟಿನ್‌ನಲ್ಲಿ ಬಾಯಿಪಾಠ ಮಾಡಬೇಕು, ಅರ್ಥ ಆಮೇಲೆ. ಸ್ವರಗಳನ್ನ ಎಡಗೈ ಬೆರಳಿನ ಗೆಣ್ಣುಗಳ ಮೇಲೆ ಗುರುತು ಇಟ್ಕೊಂಡು ಕಲೀತಿದ್ರು, ಒಂದೊಂದು ಗೆಣ್ಣಿಗೆ ಒಂದೊಂದು ಸ್ವರ, ಮೇಷ್ಟ್ರು ಬೆರಳು ತೋರಿಸಿದ್ರೆ ಹುಡುಗರು ಹಾಡಬೇಕು.

ಊಟ, ಮಲಗೋ ಜಾಗ ಇವೆಲ್ಲ ತುಂಬಾ ಕಾಲ ಯಾರ ತಲೆಗೂ ಹೋಗಿರಲಿಲ್ಲ. ಲಿಂಕನ್ ಕೆಥೆಡ್ರಲ್‌ನಲ್ಲಿ 1264ರಲ್ಲಿ ಬಿಷಪ್ ರಿಚರ್ಡ್ ಗ್ರೇವ್ಸೆಂಡ್ 12 ಹುಡುಗರು ಒಂದೇ ಮನೇಲಿ ಒಬ್ಬ ಮೇಷ್ಟ್ರ ಕೈಕೆಳಗೆ ಇರಬೇಕು ಅಂತ ವ್ಯವಸ್ಥೆ ಮಾಡಿದ. ಸಾಲ್ಸ್‌ಬರಿಯಲ್ಲಿ ಹುಡುಗರು ಊಟಕ್ಕೆ ಪಾದ್ರಿಗಳ ದಯೆ ನಂಬ್ಕೊಂಡು ಬೇಡಬೇಕಾಗಿತ್ತು, 1314ರಲ್ಲಿ ಬಿಷಪ್ ಸೈಮನ್ ಆಫ್ ಘೆಂಟ್ ಅವರ ಖರ್ಚಿಗೆ ಆಸ್ತಿ ಬರೆದುಕೊಟ್ಟ, 14 ಹುಡುಗರಿಗೆ. ವೆಲ್ಸ್‌ನಲ್ಲಿ 1460ರ ಹೊತ್ತಿಗೆ ಬಿಷಪ್ ಬೆಕಿಂಗ್ಟನ್ ಬರೆಸಿದ ಕಟ್ಟಳೆ ಓದಿದ್ರೆ ಮನೆ ಕಣ್ಣ ಮುಂದೆ ಬರುತ್ತೆ. ಒಂದು ಹಾಸಿಗೆಗೆ ಮೂರು ಹುಡುಗರು, ಇಬ್ಬರು ಚಿಕ್ಕವರು ತಲೆದೆಸೆಗೆ ತಲೆ ಇಡಬೇಕು, ದೊಡ್ಡ ಹುಡುಗ ಕಾಲ್ದೆಸೆಗೆ ತಲೆ ಇಟ್ಟು ಅವನ ಕಾಲು ಅವರಿಬ್ಬರ ತಲೆಗಳ ಮಧ್ಯೆ ಬರಬೇಕು. ಊಟಕ್ಕೆ ಕೂತಾಗ ರೊಟ್ಟಿ ಚಾಕುವಿಂದ ಕತ್ತರಿಸಬೇಕು, ಹಲ್ಲಲ್ಲಿ ಕಚ್ಚಿ ಎಳೀಬಾರದು, ಏನು ಬೇಕಾದ್ರೂ ಲ್ಯಾಟಿನ್‌ನಲ್ಲಿ ಕೇಳಬೇಕು. ಇಂಥ ಕಟ್ಟಳೆ ಓದಿದಾಗೆಲ್ಲ ನಂಗೆ ಅನ್ಸೋದು ಒಂದೇ, ಕಟ್ಟಳೆ ಬರೆಯೋ ಅಷ್ಟು ಸಲ ಯಾವುದೋ ಮಗು ರೊಟ್ಟಿ ಕಚ್ಚಿ ಎಳೆದಿರುತ್ತೆ.

ಆದ್ರೆ ನಮ್ಮ ಪ್ರಕರಣಕ್ಕೆ ಬೇಕಾದ ಮುಖ್ಯ ವಿಷಯ ಬೇರೆ. ಹದಿನೈದನೇ ಶತಮಾನದ ನಡುವಿನ ತನಕ ಈ ಹುಡುಗರು ಹೆಚ್ಚಾಗಿ ಹಾಡ್ತಿದ್ದಿದ್ದು ಒಂದೇ ಎಳೆಯ ಹಾಡು, ಎಲ್ಲರೂ ಒಂದೇ ರಾಗ. ಹಲವು ಎಳೆ ಕೂಡಿಸಿ ಹಾಡೋ ಕಷ್ಟದ ಸಂಗೀತ ದೊಡ್ಡವರದ್ದು, ಅದೂ ಬೆರಳೆಣಿಕೆ ಮಂದಿ. ಆಮೇಲೆ ಐದು ಎಳೆ, ಆರು ಎಳೆ ಅಂತ ಹಾಡು ಬೆಳೀತಾ ಹೋಯ್ತು, ತೀರಾ ಮೇಲಿನ ಎಳೆಗೆ ಎಳೇ ದನಿ ಬೇಕಾಯ್ತು, ಚರ್ಚಿನ ಮೇಳದಲ್ಲಿ ಹೆಂಗಸರಿಗೆ ಜಾಗ ಇರಲಿಲ್ಲ, ಹಾಗಾಗಿ ಹುಡುಗರೇ ಬೇಕು. 1440ರಲ್ಲಿ ಶುರುವಾದ ಈಟನ್ ಕಾಲೇಜಲ್ಲಿ 16 ಹಾಡೋ ಹುಡುಗರು. ಲಿಂಕನ್‌ನಲ್ಲಿ 1477ರಲ್ಲಿ ವಿಲಿಯಂ ಹಾರ್‌ವುಡ್ ಅನ್ನೋ ಮೇಷ್ಟ್ರಿಗೆ ಕೊಟ್ಟ ಕೆಲಸದ ಪಟ್ಟಿ ನೋಡಿದ್ರೆ ಎಷ್ಟು ಬದಲಾಗಿತ್ತು ಅಂತ ಗೊತ್ತಾಗುತ್ತೆ: ಒಂದೆಳೆ ಹಾಡು, ಬರೆದ ಸ್ವರ ನೋಡಿ ಹಾಡೋದು, ಮೂಲ ರಾಗದ ಮೇಲೆ ಸ್ಥಳದಲ್ಲೇ ಇನ್ನೊಂದು ಎಳೆ ಕಟ್ಟೋ ಮೂರು ನಾಲ್ಕು ಬಗೆ, ಆರ್ಗನ್, ಮತ್ತೆ ಚುರುಕಾಗಿರೋ ಎರಡು ಮೂರು ಹುಡುಗರಿಗೆ ಕ್ಲಾವಿಕಾರ್ಡ್ ಅನ್ನೋ, ಪಿಯಾನೋ ತರದ ಚಿಕ್ಕ ವಾದ್ಯ. ಇದನ್ನೆಲ್ಲ ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ.

ಕಲಿತ ಹುಡುಗ ಅಂದ್ರೆ ಈಗ ಆರೇಳು ವರ್ಷದ ಮೇಷ್ಟ್ರ ದುಡಿಮೆ ಹೊತ್ಕೊಂಡಿರೋ ಮಗು. ಬೆಲೆ ಬಂತು. ಬೆಲೆ ಬಂದಿದ್ದಕ್ಕೆ ಕಳ್ಳತನವೂ ಬಂತು, ಅದೂ ಕಾನೂನಿನ ಮುದ್ರೆ ಹಾಕಿಸಿಕೊಂಡ ಕಳ್ಳತನ. 1420ರಲ್ಲಿ ಐದನೇ ಹೆನ್ರಿ ನಾರ್ಮಂಡಿಯಲ್ಲಿ ಯುದ್ಧದಲ್ಲಿದ್ದಾಗಲೇ ತನ್ನ ಚಾಪೆಲ್‌ಗೆ ಹುಡುಗರನ್ನ ಹಿಡಿದು ತರೋಕೆ ಜಾನ್ ಪ್ಯಾಮರ್ ಅನ್ನೋ ಹಾಡುಗಾರನಿಗೆ ಅಪ್ಪಣೆ ಪತ್ರ ಕೊಟ್ಟಿದ್ದ. 1484ರ ಸೆಪ್ಟೆಂಬರ್‌ನಲ್ಲಿ ಮೂರನೇ ರಿಚರ್ಡ್ ತನ್ನ ಚಾಪೆಲ್‌ನ ಜಾನ್ ಮೆಲಿಯೊನೆಕ್‌ಗೆ ಕೊಟ್ಟ ಪತ್ರ ಇನ್ನೂ ಬಿಚ್ಚಿ ಹೇಳುತ್ತೆ, ಸಂಗೀತದಲ್ಲಿ ಪಳಗಿದ ಗಂಡಸರಾಗಲಿ ಮಕ್ಕಳಾಗಲಿ, ಕೆಥೆಡ್ರಲ್, ಕಾಲೇಜು, ಚಾಪೆಲ್, ಮಠ ಎಲ್ಲಿ ಕಂಡ್ರೂ ರಾಜನ ಸೇವೆಗೆ ತಗೊಂಡು ಬಾ, ವಿಂಡ್ಸರ್‌ನ ರಾಜಕಾಲೇಜು ಒಂದು ಬಿಟ್ಟು. ಅಂದ್ರೆ ಸಾಲ್ಸ್‌ಬರಿಯಂಥ ಕಡೆ ಒಬ್ಬ ಮೇಷ್ಟ್ರು ವರ್ಷಗಟ್ಟಲೆ ತಿದ್ದಿ ತೀಡಿದ ಮಗುವನ್ನ ಒಂದು ಬೆಳಗ್ಗೆ ಯಾರೋ ಬಂದು ಕಾಗದ ತೋರಿಸಿ ಕರ್ಕೊಂಡು ಹೋಗಬಹುದು.

ಇಂಥ ಮೇಳಗಳ ಮಕ್ಕಳಿಗೆ ಹೇಗಿತ್ತು ಅಂತ ಮಕ್ಕಳ ಬಾಯಲ್ಲಿ ಕೇಳೋದು ಅಪರೂಪ. ನಮ್ಮ ಪ್ರಕರಣ ಆಗಿ ಸ್ವಲ್ಪ ವರ್ಷದ ನಂತರ ವಾಲಿಂಗ್‌ಫರ್ಡ್‌ನ ಮೇಳದಲ್ಲಿದ್ದ ಒಬ್ಬ ಹುಡುಗನನ್ನ ಹೀಗೇ ಎತ್ತಿಕೊಂಡು ಹೋದ್ರು, ಅವನು ದೊಡ್ಡವನಾದ್ಮೇಲೆ ತನ್ನ ಬಾಲ್ಯ ಬರ್ಕೊಂಡಿದಾನೆ. ವಾಲಿಂಗ್‌ಫರ್ಡ್‌ನಲ್ಲಿ ತಪ್ಪು ಮಾಡಿದಾಗೆಲ್ಲ ಕಿವಿ ಹಿಂಡಿದ್ದು, ತುಟಿಗೆ ಹೊಡೆದಿದ್ದು, ತೆಳು ಬಟ್ಟೆ, ಹಳಸಿದ ರೊಟ್ಟಿ, ನೀರು ಬೆರೆತಂಥ ಅಗ್ಗದ ಬಿಯರ್. ದೊಡ್ಡವನಾದ್ಮೇಲೂ ಅವನಿಗೆ ಆ ರೊಟ್ಟಿ ನೆನಪಿತ್ತು.

ಎರಡು ಚಾಪೆಲ್

1518ಕ್ಕೆ ಬರೋಣ. ಹೆನ್ರಿಗೆ ಆಗ 26 ವರ್ಷ, ಸ್ವತಃ ಹಾಡ್ತಾನೆ, ಹಾಡು ಕಟ್ತಾನೆ, ವಾದ್ಯ ನುಡಿಸ್ತಾನೆ. ಅವನ ಚಾಪೆಲ್‌ನ ಮಕ್ಕಳ ಮೇಷ್ಟ್ರು ವಿಲಿಯಂ ಕಾರ್ನಿಷ್, 1509ರಿಂದ ಆ ಕೆಲಸದಲ್ಲಿದ್ದಾನೆ. ಕಾರ್ನಿಷ್ ಬಹಳ ಪ್ರತಿಭೆ ಇದ್ದ ಮನುಷ್ಯ, ಹಾಡು ಬರೀತಿದ್ದ, ನಾಟಕ ಕಟ್ತಿದ್ದ, ಮಕ್ಕಳಿಂದ ನಾಟಕ ಆಡಿಸ್ತಿದ್ದ, 1516ರ ಜನವರಿಯಲ್ಲಿ ಎಲ್ಥಮ್ ಅರಮನೆಯಲ್ಲಿ ದೊಡ್ಡ ಆಟ ಆಡಿಸಿದ್ದ. ಅಂದ್ರೆ ರಾಜನ ಹುಡುಗರಿಗೆ ಪ್ರಾರ್ಥನೆಯ ಜೊತೆಗೆ ನಾಟಕ, ಹಬ್ಬದ ವೇಷ, ಮೆರವಣಿಗೆ ಎಲ್ಲಾ ಇತ್ತು.

ವೂಲ್ಸಿ ಇಪ್ಸ್‌ವಿಚ್‌ನ ಸಾಮಾನ್ಯ ಮನೆತನದಿಂದ ಬಂದವನು. 1515ರಲ್ಲಿ ಕಾರ್ಡಿನಲ್, ಅದೇ ವರ್ಷ ಕೊನೆಗೆ ಲಾರ್ಡ್ ಚಾನ್ಸೆಲರ್, ಅಂದ್ರೆ ರಾಜನ ಕೆಳಗಿನ ಅತಿ ದೊಡ್ಡ ಅಧಿಕಾರಿ. ಅವನ ಮನೆವಾರ್ತೆ ರಾಜನದ್ದಕ್ಕೆ ಸಮ. ಚಾಪೆಲ್‌ನಲ್ಲಿ ಹತ್ತು ಹನ್ನೆರಡು ಹುಡುಗರು, ಅವರನ್ನ ನೋಡ್ಕೊಳ್ಳೋಕೆ ಅಂತಲೇ ಒಬ್ಬ ಆಳು. ಆ ಹುಡುಗರ ಮೇಷ್ಟ್ರು ರಿಚರ್ಡ್ ಪಿಗಟ್.

ತೊಂದರೆ

ತೊಂದರೆ ಶುರುವಾಗಿದ್ದು ಒಂದು ಹೋಲಿಕೆಯಿಂದ. ಪೇಸ್ ಬರೆದ ಪತ್ರದ ಪ್ರಕಾರ ರಾಜ ಕಾರ್ನಿಷ್‌ಗೆ ಮುಖದ ಮೇಲೇ ಹೇಳಿದಾನೆ, ಕಾರ್ಡಿನಲ್ ಚಾಪೆಲ್ ನನ್ನ ಚಾಪೆಲ್‌ಗಿಂತ ಚೆನ್ನಾಗಿದೆ ಅಂತ. ಬರೀ ಹೇಳಲಿಲ್ಲ, ಕಾರಣವನ್ನೂ ಕೊಟ್ಟ. ಒಂದು ಹೊಸ ಹಾಡು ಎರಡೂ ಮೇಳದ ಮುಂದೆ ಇಟ್ಟು ಮುಂಚೆ ತಯಾರಿ ಇಲ್ಲದೆ ಹಾಡಿ ಅಂದ್ರೆ, ಕಾರ್ಡಿನಲ್ ಕಡೆಯವರು ಹೆಚ್ಚು ಚೆನ್ನಾಗಿ, ಹೆಚ್ಚು ಖಚಿತವಾಗಿ ಹಾಡ್ತಾರೆ.

ಹಾಡು ಕಲಿಸೋರಿಗೆ ಇದು ಎಂಥ ಮಾತು ಅಂತ ಗೊತ್ತಾಗುತ್ತೆ. ತಯಾರಿ ಮಾಡ್ಕೊಂಡು ಹಾಡಿದಾಗ ಯಾವ ಮೇಳವೂ ಚೆನ್ನಾಗೇ ಕೇಳಿಸುತ್ತೆ, ಹೊಸ ಹಾಡು ಕೊಟ್ಟಾಗ ಮಾತ್ರ ಒಳಗಿನ ಕಲಿಕೆ ಹೊರಗೆ ಬೀಳುತ್ತೆ. ಅದರಲ್ಲೂ ಆ ಕಾಲದ ಪುಸ್ತಕದಲ್ಲಿ ಎಲ್ಲಾ ಎಳೆ ಒಂದರ ಕೆಳಗೆ ಒಂದು ಬರೆದಿರಲ್ಲ, ಎದುರುಬದುರು ಪುಟದಲ್ಲಿ ಒಂದೊಂದು ಎಳೆ ಒಂದೊಂದು ಮೂಲೆಯಲ್ಲಿರುತ್ತೆ, ತಾಳ ತುಂಡು ಮಾಡೋ ಗೀಟೂ ಇಲ್ಲ, ದೊಡ್ಡ ಪುಸ್ತಕ ಒಂದು ಪೀಠದ ಮೇಲಿಟ್ಟು ಎಲ್ಲರೂ ಸುತ್ತ ನಿಂತು ಓದಬೇಕು. ತಪ್ಪಿದ್ರೆ ಪಕ್ಕದ ಎಳೆ ನೋಡಿ ಸರಿ ಮಾಡ್ಕೊಳ್ಳೋಕೆ ಆಗಲ್ಲ, ಕಿವಿ ಮಾತ್ರ ಗತಿ. ಇಂಥದ್ದನ್ನ ಮಕ್ಕಳು ಮೊದಲ ಸಲಕ್ಕೇ ಹಾಡ್ತಾರೆ ಅಂದ್ರೆ ಅದು ಒಬ್ಬ ಹುಡುಗನ ಗಂಟಲಿನ ಗುಣ ಅಲ್ಲ, ಇಡೀ ಗುಂಪಿಗೆ ದಿನಾ ಯಾರೋ ತಾಳ್ಮೆಯಿಂದ ಕೂತು ಮಾಡಿಸಿರೋ ಅಭ್ಯಾಸ.

ರಾಜನ ಕಿವಿ ಸರಿಯಾಗೇ ಹಿಡಿದಿತ್ತು. ತನ್ನ ಮೇಳದ ಕೊರತೆ ಓದಿನದ್ದು, ಅಭ್ಯಾಸದ್ದು. ಆದ್ರೆ ಅದಕ್ಕೆ ಅವನು ಹುಡುಕಿದ ಪರಿಹಾರ ಒಂದು ಹುಡುಗ.

ಎದುರಿಗಿದ್ದ ದಾರಿಗಳು

ಇಲ್ಲಿ ನಾನು ಸ್ವಲ್ಪ ನಿಂತ್ಕೋತೀನಿ, ಯಾಕಂದ್ರೆ ಈ ಪ್ರಕರಣದ ತಿರುವು ಇರೋದೇ ಇಲ್ಲಿ.

ರಾಜನ ಹತ್ತಿರ ಅಪ್ಪಣೆ ಪತ್ರದ ಹಕ್ಕಿತ್ತು, ಬಲವಂತವಾಗಿ ತರಿಸಬಹುದಿತ್ತು. ಕಾರ್ನಿಷ್‌ನ ಕೂರಿಸಿ ಮಕ್ಕಳ ಪಾಠ ಬದಲಾಯಿಸು, ನಾಟಕ ಕಮ್ಮಿ ಮಾಡು ಅನ್ನಬಹುದಿತ್ತು. ಪಿಗಟ್‌ನ ಕೆಲವು ತಿಂಗಳು ಕರೆಸಿಕೊಂಡು ತನ್ನ ಹುಡುಗರಿಗೆ ಪಾಠ ಹೇಳಿಸಬಹುದಿತ್ತು. ಕೊನೇದು ಯಾರಿಗೂ ಹೊಳೆದ ಹಾಗೆ ಕಾಣಲ್ಲ.

ವೂಲ್ಸಿ ಕಡೆಯಿಂದ ನೋಡಿದ್ರೆ, ಬೇಡ ಅನ್ನೋ ದಾರಿ ಹೆಸರಿಗೆ ಮಾತ್ರ ಇತ್ತು. ಪೇಸ್ ಎಷ್ಟು ನಯವಾಗಿ ಬರೀತಾನೆ ನೋಡಿ: ರಾಜನಿಗೆ ನಿಮ್ಮ ಮೇಲಿರೋ ಪ್ರೀತಿ ಒಂದು ಅಡ್ಡ ಬರದಿದ್ರೆ ಅವರು ನಿಮ್ಮ ಚಾಪೆಲ್‌ನಿಂದ ಮಕ್ಕಳನ್ನ ಮಾತ್ರ ಅಲ್ಲ ದೊಡ್ಡ ಹಾಡುಗಾರರನ್ನೂ ತಗೊಂಡುಬಿಡ್ತಿದ್ರು, ಅನ್ನೋ ಅರ್ಥದ ಮಾತು. ಪ್ರೀತಿಯ ಮಾತಿನ ಒಳಗೆ ಎಚ್ಚರಿಕೆ. ಕಾರ್ಡಿನಲ್‌ಗೆ ಅರ್ಥ ಆಗದೇ ಇರುತ್ತಾ. ಅದೇ ಸಮಯದಲ್ಲಿ ಅವನು ಪೋಪ್‌ನ ಪ್ರತಿನಿಧಿ ಪದವಿಗೆ ಓಡಾಡ್ತಿದ್ದ, ಅದಕ್ಕೆ ರಾಜನ ಬೆಂಬಲ ಬೇಕಾಗಿತ್ತು, ಮೇ ತಿಂಗಳಲ್ಲಿ ಆ ಪದವಿ ಸಿಕ್ಕಿತು. ಅಂಥ ಹೊತ್ತಲ್ಲಿ ಒಬ್ಬ ಹುಡುಗ ಯಾವ ಲೆಕ್ಕ. ಆ ಪದವಿ ಸಿಗೋಕೆ ಹುಡುಗ ಕಾರಣ ಅಂತ ನಾನು ಹೇಳ್ತಿಲ್ಲ, ದೊಡ್ಡ ಲೆಕ್ಕ ನಡೀತಿರೋ ಮೇಜಿನ ಮೇಲೆ ಒಂದು ಮಗುವಿನ ವಿಷಯ ಬಂದಾಗ ಅದಕ್ಕೆ ಎಷ್ಟು ಹೊತ್ತಿನ ಯೋಚನೆ ಸಿಗುತ್ತೆ ಅನ್ನೋದು ಮಾತ್ರ ಹೇಳ್ತಿದೀನಿ.

ಕೊಡ್ತೀನಿ ಅಂದ, ಕಳಿಸಿದ.

ಈ ಪತ್ರಗಳಲ್ಲಿ ಹುಡುಗನ ಅಪ್ಪ ಅಮ್ಮನ ಬಗ್ಗೆ ಒಂದು ಮಾತಿಲ್ಲ. ಹುಡುಗನನ್ನ ಕೇಳಿದ್ರು ಅಂತಲೂ ಇಲ್ಲ. ಪಿಗಟ್‌ನ ಕೇಳಿದ್ರು ಅಂತಲೂ ಇಲ್ಲ. ಕಾಲ ಹಾಗಿತ್ತು ಅಂತ ಹೇಳಿ ಮುಂದೆ ಹೋಗೋರಿದಾರೆ, ಆದ್ರೆ ಅದಕ್ಕೂ ಎಷ್ಟೋ ವರ್ಷ ಮುಂಚೆಯೇ ಲಿಂಕನ್, ಸಾಲ್ಸ್‌ಬರಿ, ವೆಲ್ಸ್‌ನ ಬಿಷಪ್ಪುಗಳು ಮಕ್ಕಳ ಊಟ ಹಾಸಿಗೆ ಬಗ್ಗೆ ಕೂತು ಯೋಚನೆ ಮಾಡಿ ಬರೆಸಿದ್ರಲ್ಲ, ಮಕ್ಕಳ ಕಷ್ಟ ಕಾಣೋ ಕಣ್ಣು ಆಗಲೂ ಇತ್ತು.

ಏನಾಯ್ತು

ರಾಜ ಆಗ ಲಂಡನ್‌ನಲ್ಲಿರಲಿಲ್ಲ. ಹಿಂದಿನ ವರ್ಷದಿಂದ ಬೆವರು ಜ್ವರ, ಪಿಡುಗು ಅಂತ ಊರೂರು ಬದಲಿಸ್ತಾ ಇದ್ದ ಅರಮನೆ ಪರಿವಾರ ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್ಡನ್‌ನಲ್ಲಿ, ಥೇಮ್ಸ್ ದಡದ ಊರಲ್ಲಿ ಇಳ್ಕೊಂಡಿತ್ತು. ಆ ವರ್ಷ ಈಸ್ಟರ್ ಏಪ್ರಿಲ್ 4ಕ್ಕೆ. ಅಂದ್ರೆ ಈ ಪತ್ರಗಳು ಓಡಾಡಿದ್ದು ಈಸ್ಟರ್ ಹಿಂದಿನ ಪವಿತ್ರ ವಾರದ ಆಸುಪಾಸಲ್ಲಿ, ವರ್ಷದಲ್ಲೇ ಹಾಡೋರಿಗೆ ಅತಿ ಹೆಚ್ಚು ಕೆಲಸ ಇರೋ ವಾರ. ಗರಿಗಳ ಭಾನುವಾರ, ಸಾಲ್ಸ್‌ಬರಿಯ ಪೂಜಾಕ್ರಮದಲ್ಲಿ ಏಳು ಹುಡುಗರು ಎತ್ತರದ ಜಾಗದಲ್ಲಿ ನಿಂತು ಕೆಳಗಿನ ಮೆರವಣಿಗೆಗೆ ಹಾಡಬೇಕು, ಆಮೇಲೆ ಕತ್ತಲೆಯ ಪ್ರಾರ್ಥನೆಗಳು, ಒಂದೊಂದೇ ದೀಪ ಆರಿಸ್ತಾ ಹೋಗೋದು, ಶುಭ ಶುಕ್ರವಾರ, ಈಸ್ಟರ್ ರಾತ್ರಿ. ಕ್ವಾಯರ್ ನಡೆಸೋ ಯಾರನ್ನಾದ್ರೂ ಕೇಳಿ, ಆ ವಾರದಲ್ಲಿ ಒಂದು ಒಳ್ಳೆ ದನಿ ಕಳ್ಕೊಳ್ಳೋದು ಅಂದ್ರೆ ಏನು ಅಂತ. ಪಿಗಟ್ ಆ ಈಸ್ಟರ್‌ನಲ್ಲಿ ಉಳಿದ ಹುಡುಗರನ್ನ ಹೇಗೆ ನಿಲ್ಲಿಸಿರಬೇಕು ಅಂತ ನಾನು ತುಂಬಾ ಸಲ ಯೋಚನೆ ಮಾಡಿದೀನಿ. ಹತ್ತು ಮಕ್ಕಳ ಮೇಳದಲ್ಲಿ ಮುಂದೆ ಎಳೆಯೋರು ಇಬ್ಬರೇ ಇರ್ತಾರೆ, ಉಳಿದವರು ಅವರ ಉಸಿರು ಕೇಳ್ಕೊಂಡು ಹಾಡ್ತಾರೆ, ಅದರಲ್ಲಿ ಒಬ್ಬ ಹೋದ್ರೆ ಒಂದು ದನಿ ಕಮ್ಮಿ ಆಗಲ್ಲ, ಮೂರ್ನಾಲ್ಕು ದನಿ ಒಟ್ಟಿಗೆ ಅಲ್ಲಾಡುತ್ತೆ.

ಹುಡುಗ ಬಂದ ಮೇಲೆ ಪೇಸ್ ಮತ್ತೆ ಬರೀತಾನೆ. ಕಾರ್ನಿಷ್ ಹುಡುಗನನ್ನ ತುಂಬಾ ಹೊಗಳ್ತಾ ಇದಾನೆ. ಎರಡು ಕಾರಣಕ್ಕೆ. ಒಂದು, ಅವನ ಹಾಡು ಖಚಿತ, ಶುದ್ಧ. ಇನ್ನೊಂದು, ಅವನು ಕಟ್ಟೋ ಎಳೆ ತುಂಬಾ ಜಾಣತನದ್ದು. ಕೊಟ್ಟ ರಾಗದ ಮೇಲೆ ಆ ಕ್ಷಣಕ್ಕೆ ಹೊಳೆದ ಇನ್ನೊಂದು ಎಳೆ ನೇಯೋದು ಅದು, ನಮ್ಮ ಸಂಗೀತದಲ್ಲಿ ಮನೋಧರ್ಮ ಅಂತೀವಲ್ಲ ಅದರ ಹತ್ತಿರದ್ದು, ಆದ್ರೆ ಅಲ್ಲಿ ಜೊತೆಗೆ ಹಾಡ್ತಿರೋ ಇನ್ನೊಂದು ಎಳೆಗೆ ಪ್ರತಿ ಸ್ವರವೂ ಹೊಂದಬೇಕು. ಇದನ್ನ ಒಂದು ಮಗು ಪರವೂರಲ್ಲಿ, ಗುರುತಿಲ್ಲದವರ ಮಧ್ಯೆ ಬಂದು ನಿಂತು ಮಾಡಿದಾನೆ.

ಅದೇ ಸಾಲಿನಲ್ಲಿ ಕಾರ್ನಿಷ್ ಪಿಗಟ್‌ನನ್ನೂ ಹೊಗಳಿದ, ಹುಡುಗನಿಗೆ ಹೀಗೆ ಕಲಿಸಿದ್ದಕ್ಕೆ. ಈ ಒಂದು ಮಾತಿಗೆ ನಾನು ಕಾರ್ನಿಷ್‌ಗೆ ಕೈ ಮುಗೀತೀನಿ. ತನ್ನ ಮೇಳ ಕಮ್ಮಿ ಅಂತ ರಾಜನ ಬಾಯಲ್ಲೇ ಕೇಳಿಸ್ಕೊಂಡ ಮೇಲೆ, ಇನ್ನೊಬ್ಬ ಮೇಷ್ಟ್ರ ಹುಡುಗ ಮುಂದೆ ನಿಂತಾಗ, ಇದು ಅವನ ಕಲಿಸೋ ಗುಣ ಅಂತ ಒಪ್ಪೋದು ಸುಲಭ ಅಲ್ಲ. ನಿಜವಾದ ಉತ್ತರವೂ ಅದೇ ಆಗಿತ್ತು. ಎರಡು ಚಾಪೆಲ್ ಮಧ್ಯೆ ಇದ್ದ ವ್ಯತ್ಯಾಸ ಹುಡುಗನ ಗಂಟಲಲ್ಲಿ ಇರಲಿಲ್ಲ, ಪಿಗಟ್‌ನ ಪಾಠದ ಕೋಣೆಯಲ್ಲಿತ್ತು. ರಾಜ ಹಣ್ಣು ಕಿತ್ಕೊಂಡು ಬಂದ, ಗಿಡ ಅಲ್ಲೇ ಉಳೀತು.

ಇನ್ನೊಂದು ಸಾಲಿದೆ, ನನಗೆ ನಿದ್ದೆ ಕೆಡಿಸಿದ್ದು ಅದೇ. ಹುಡುಗನನ್ನ ಚೆನ್ನಾಗಿ ನೋಡ್ಕೋಬೇಕು ಅಂತ ಕಾರ್ನಿಷ್‌ಗೆ ಮಾತು ಹೋಗಿದೆ, ಅವನು ಒಪ್ಪಿದಾನೆ, ಆಗ ಪೇಸ್ ಒಂದು ವಿವರಣೆ ಸೇರಿಸ್ತಾನೆ: ಚೆನ್ನಾಗಿ ಅಂದ್ರೆ, ಅವನು ತನ್ನ ಹುಡುಗರನ್ನ ನೋಡ್ಕೊಳ್ಳೋ ಹಾಗಲ್ಲ, ಬೇರೆ ರೀತಿ.

ಓದಿದ ತಕ್ಷಣ ಈ ಮಗು ಬಚಾವ್ ಅಂತ ಸಮಾಧಾನ ಆಗುತ್ತೆ. ಇನ್ನೊಂದು ಸಲ ಓದಿದಾಗ ಉಳಿದ ಮಕ್ಕಳು ಕಾಣ್ತಾರೆ. ಅವರಿಗೆ ಹೇಗಿತ್ತು ಅನ್ನೋದು ಕಾರ್ಯದರ್ಶಿಗೆ ಗೊತ್ತಿತ್ತು, ಕಾರ್ಡಿನಲ್‌ಗೆ ಬರೆದ್ರೆ ತಕ್ಷಣ ಅರ್ಥ ಆಗೋ ಅಷ್ಟು ಗೊತ್ತಿರೋ ವಿಷಯವೇ ಆಗಿತ್ತು. ಕಾರ್ಡಿನಲ್ ಕಡೆಯಿಂದ ಬಂದ ಹುಡುಗ ಅನ್ನೋ ಕಾರಣಕ್ಕೆ ಇವನೊಬ್ಬನಿಗೆ ರಕ್ಷಣೆ ಸಿಕ್ತು, ಹಿಂದೆ ಯಾರೂ ದೊಡ್ಡವರಿಲ್ಲದ ಮಕ್ಕಳು ಹೇಗಿದ್ರೋ ಹಾಗೇ ಉಳಿದ್ರು. ಮತ್ತೆ ಆ ವಿಶೇಷ ಮರ್ಯಾದೆ ಆ ಹುಡುಗನಿಗೆ ಹಾಸಿಗೆ ಹಂಚ್ಕೊಳ್ಳೋ ಕೋಣೆಯಲ್ಲಿ, ಊಟದ ಮೇಜಲ್ಲಿ ಸುಖ ತಂದಿರುತ್ತಾ? ಒಬ್ಬನಿಗೆ ಮಾತ್ರ ಬೆತ್ತ ಬೀಳಲ್ಲ ಅಂದ್ರೆ ಉಳಿದ ಮಕ್ಕಳು ಅವನನ್ನ ಹೇಗೆ ನೋಡ್ತಾರೆ ಅಂತ ಮಕ್ಕಳ ಜೊತೆ ಇದ್ದ ಯಾರಿಗಾದ್ರೂ ಗೊತ್ತು.

ಈ ಪ್ರಕರಣದಿಂದ ನಾನು ತಗೊಂಡಿದ್ದು

ಮೊದಲನೇದು ಆ ವಿವರಣೆಯ ಸಾಲಿನದ್ದೇ. ಒಂದು ಮಗುವಿಗೆ ಅಂತ ಪ್ರತ್ಯೇಕವಾಗಿ ಕೊಟ್ಟ ಭರವಸೆ ಕಂಡಾಗ ಅದರ ಪಕ್ಕ ಇರೋ ಮಕ್ಕಳ ಕಡೆ ತಿರುಗಿ ನೋಡಬೇಕು. ನಾನು ಇದನ್ನ ನಮ್ಮ ಕ್ವಾಯರ್‌ನಲ್ಲಿ ನೆನಪು ಮಾಡ್ಕೋತೀನಿ, ಯಾವುದೋ ಒಂದು ಮಗುವಿಗೆ ಗದರಬೇಡಿ, ಅವಳು ಸೂಕ್ಷ್ಮ ಅಂತ ಮನೆಯವರು ಹೇಳಿದಾಗ, ಸರಿ ಅಂತೀನಿ, ಆಮೇಲೆ ಉಳಿದವರಿಗೆ ಯಾಕೆ ಗದರ್ತಾ ಇದೀನಿ ಅಂತ ನನ್ನನ್ನೇ ಕೇಳ್ಕೋತೀನಿ.

ಇನ್ನೊಂದು, ಹೊಗಳಿಕೆ. ಇಡೀ ಪ್ರಕರಣದಲ್ಲಿ ಹುಡುಗನ ಬಗ್ಗೆ ಬರೋ ಮಾತೆಲ್ಲ ಹೊಗಳಿಕೆಯೇ, ಕೆಟ್ಟದ್ದು ಅಂತ ಒಂದಿಲ್ಲ. ಆ ಹೊಗಳಿಕೆಯೇ ಅವನನ್ನ ಇದ್ದ ಜಾಗದಿಂದ ಎತ್ತಿದ್ದು. ಕಮ್ಮಿ ಹಾಡ್ತಿದ್ದ ಹುಡುಗರು ಪಿಗಟ್ ಹತ್ತಿರ ಉಳ್ಕೊಂಡ್ರು, ಚೆನ್ನಾಗಿ ಹಾಡಿದವನು ತನಗೆ ಕಲಿಸಿದ ಮೇಷ್ಟ್ರನ್ನ ಬಿಟ್ಟು ಹೋದ.

ಹುಡುಗನಿಗೆ ಲಾಭ ಏನೂ ಇರಲಿಲ್ಲ ಅಂತಲ್ಲ, ಅದನ್ನೂ ಹೇಳಬೇಕು. ರಾಜನ ಚಾಪೆಲ್ ಸೇರಿದ ಮಕ್ಕಳಿಗೆ ಮುಂದಿನ ದಾರಿ ಬಗ್ಗೆ ಒಂದು ಹಳೇ ಕಟ್ಟಳೆ ಇತ್ತು. 1470ರ ದಶಕದ ಶುರುವಲ್ಲಿ ನಾಲ್ಕನೇ ಎಡ್ವರ್ಡ್‌ನ ಅರಮನೆಗೆ ಬರೆದ ನಿಯಮದಲ್ಲಿ, ಆಗ 8 ಹುಡುಗರಿದ್ರು, 18 ವರ್ಷ ಆಗಿ ದನಿ ಬದಲಾಗಿ ಚಾಪೆಲ್‌ನಲ್ಲಾಗಲಿ ಅರಮನೆಯಲ್ಲಾಗಲಿ ಜಾಗ ಇಲ್ಲದಿದ್ರೆ, ಹುಡುಗ ಒಪ್ಪಿದ್ರೆ, ರಾಜ ಅವನನ್ನ ಆಕ್ಸ್‌ಫರ್ಡ್ ಇಲ್ಲಾ ಕೇಂಬ್ರಿಜ್‌ನ ರಾಜಕಾಲೇಜಿಗೆ ಕಳಿಸಿ ಓದಿಸಬೇಕು ಅಂತಿದೆ. ದನಿ ಒಡೆದ ದಿನ ಬೀದಿಗೆ ಬೀಳೋ ಭಯ ಇದ್ದ ಮಕ್ಕಳಿಗೆ ಇದು ಚಿಕ್ಕ ಮಾತಲ್ಲ. ಹುಡುಗ ಒಪ್ಪಿದ್ರೆ ಅನ್ನೋ ಆ ಎರಡು ಪದ ನಂಗೆ ತುಂಬಾ ಇಷ್ಟ. ಬರುವಾಗ ಕೇಳದಿದ್ರೂ ಹೋಗುವಾಗ ಕೇಳೋಕೆ ಒಬ್ಬ ಯಾರೋ ಗುಮಾಸ್ತ ಜಾಗ ಬಿಟ್ಟಿದ್ದ.

ಮತ್ತೆ ಇದು ಬರೀ ರಾಜನ ದೋಷ ಅಂತ ಬರೆದು ಮುಗಿಸೋಕೂ ಆಗಲ್ಲ. 1527ರಲ್ಲಿ ನಾರ್ತಂಬರ್‌ಲ್ಯಾಂಡಿನ ಅರ್ಲ್ ತೀರಿಕೊಂಡಾಗ, ಅವನ ಚಾಪೆಲ್‌ನ ಹಾಡಿನ ಪುಸ್ತಕಗಳನ್ನ ನನಗೆ ಕಳಿಸು ಅಂತ ಮಗನನ್ನ ಕೇಳಿ ತರಿಸಿಕೊಂಡಿದ್ದು ಇದೇ ವೂಲ್ಸಿ. ಕಳ್ಕೊಂಡ ಅನುಭವ ಇದ್ದವನೇ ಇನ್ನೊಬ್ಬರಿಂದ ತಗೊಂಡ. ಮೇಲಿನವನು ಕೆಳಗಿನವನಿಂದ ಎತ್ಕೊಳ್ಳೋದು ಅಲ್ಲಿ ನಡೆಯೋ ಕ್ರಮ, ಎಲ್ಲರಿಗಿಂತ ಕೆಳಗೆ ಇದ್ದಿದ್ದು ಮಕ್ಕಳು.

ವರ್ಷಕ್ಕೆ ಒಂದು ಸಲ ಮಾತ್ರ ಇದು ತಲೆಕೆಳಗಾಗ್ತಿತ್ತು. ಡಿಸೆಂಬರ್ 6, ಸಂತ ನಿಕೋಲಸ್ ಹಬ್ಬದ ಹೊತ್ತಿಗೆ ಕ್ವಾಯರ್ ಹುಡುಗರು ತಮ್ಮಲ್ಲೇ ಒಬ್ಬನನ್ನ ಬಿಷಪ್ ಅಂತ ಆರಿಸ್ತಿದ್ರು, ಡಿಸೆಂಬರ್ 28ರ ಮುಗ್ಧ ಮಕ್ಕಳ ಹಬ್ಬಕ್ಕೆ ಆ ಹುಡುಗ ಬಿಷಪ್ ಬಟ್ಟೆ ಹಾಕಿ ಆಶೀರ್ವಾದ ಕೊಡ್ತಿದ್ದ. ಹಿಂದಿನ ಸಂಜೆ ಪ್ರಾರ್ಥನೆಯಲ್ಲಿ ಮರಿಯಮ್ಮನ ಸ್ತೋತ್ರದ ಸಾಲು, ಬಲಿಷ್ಠರನ್ನ ಗದ್ದುಗೆಯಿಂದ ಇಳಿಸಿ ದೀನರನ್ನ ಮೇಲಕ್ಕೆತ್ತಿದ ಅನ್ನೋದು ಬರುವಾಗ ಮಕ್ಕಳು ಮೇಲಿನ ಆಸನಕ್ಕೆ, ದೊಡ್ಡವರು ಕೆಳಗಿನ ಆಸನಕ್ಕೆ. ನಮ್ಮ ಹುಡುಗ ಅರಮನೆಗೆ ಬಂದ ಅದೇ 1518ರಲ್ಲಿ ಲಂಡನ್‌ನ ಸೇಂಟ್ ಪಾಲ್ಸ್ ಶಾಲೆಗೆ ಜಾನ್ ಕಾಲೆಟ್ ಬರೆದ ನಿಯಮದಲ್ಲಿ, ಶಾಲೆಯ ಮಕ್ಕಳೆಲ್ಲ ಆ ದಿನ ಚರ್ಚಿಗೆ ಹೋಗಿ ಬಾಲ ಬಿಷಪ್‌ನ ಬೋಧನೆ ಕೇಳಿ ಒಂದೊಂದು ಪೆನ್ನಿ ಕಾಣಿಕೆ ಕೊಡಬೇಕು ಅಂತಿದೆ. 1541ರ ಜುಲೈನಲ್ಲಿ ಈ ಪದ್ಧತಿಯನ್ನ ಇಡೀ ದೇಶದಲ್ಲಿ ನಿಲ್ಲಿಸಿದ್ದು ಎಂಟನೇ ಹೆನ್ರಿ.

1520ರಲ್ಲಿ ಹೆನ್ರಿ ಫ್ರಾನ್ಸ್ ರಾಜನನ್ನ ಭೇಟಿ ಮಾಡೋಕೆ ಕಡಲು ದಾಟಿದಾಗ ಕಾರ್ನಿಷ್ 10 ಹುಡುಗರನ್ನ ಕರ್ಕೊಂಡು ಹೋದ. ಲೆಕ್ಕದ ಪುಸ್ತಕದಲ್ಲಿ ಅವರ ಊಟದ ಖರ್ಚಿದೆ, ತಲೆಗೆ ದಿನಕ್ಕೆ 2 ಪೆನ್ಸ್, 62 ದಿನ. ಎರಡು ದೇಶದ ಚಾಪೆಲ್‌ಗಳು ಒಂದೇ ಪೂಜೆಗೆ ಹಾಡಿದವು. ಹೆಸರಿಲ್ಲ, ಸಂಖ್ಯೆ ಮಾತ್ರ, 10.

ಕಾರ್ನಿಷ್ 1523ರಲ್ಲಿ ತೀರಿಕೊಂಡ. ಪಿಗಟ್ ಆಮೇಲೆ ರಾಜನ ಚಾಪೆಲ್‌ಗೇ ಸೇರಿದ, ಗಿಡವನ್ನೂ ತಂದು ನೆಟ್ಟ ಹಾಗಾಯ್ತು, ಮೊದಲೇ ಹಾಗೆ ಮಾಡಿದ್ರೆ ಒಂದು ಮಗು ಅಲ್ಲಿಂದಿಲ್ಲಿಗೆ ಓಡಾಡೋದು ತಪ್ಪುತ್ತಿತ್ತು. ಅವನು ಕಟ್ಟಿದ ಒಂದು ಕ್ರಿಸ್‌ಮಸ್ ಹಾಡು ಹೆನ್ರಿಯ ಅರಮನೆಯ ಹಾಡಿನ ಕೈಬರಹದ ಪುಸ್ತಕದಲ್ಲಿ ಉಳ್ಕೊಂಡು ಬಂದಿದೆ, ಈಗ ಲಂಡನ್‌ನ ಬ್ರಿಟಿಷ್ ಲೈಬ್ರರಿಯಲ್ಲಿದೆ. ನಿಧಾನದ ಹಾಡು. ಮರಿಯಮ್ಮ ಮಡಿಲಲ್ಲಿರೋ ಮಗುವಿನ ಹತ್ತಿರ ಮಾತಾಡ್ತಾ ಇದಾಳೆ, ಶುರುವಾಗೋದು ಲ್ಯಾಟಿನ್‌ನಲ್ಲಿ, ನಿನಗೇನು ಬೇಕು ಮಗನೇ ಅಂತ.